ಹನ್ನೊಂದನೇ ಜಾಡಿ

ಮಸ್ಕತ್ತಿನಿಂದ ಎರಡು ತಾಸು.
ಬಹ್ಲಾದ ಮಣ್ಣಿನ ಕೋಟೆ ಎಡಕ್ಕೆ ಸರಿದು ಹಿಂದಾಯಿತು.
ಡಾಂಬರು ಮುಗಿದಲ್ಲಿ ಖರ್ಜೂರದ ತೋಟ,
ಗೇಟಿಗೆ ಕಟ್ಟಿದ ಒಂದು ಕತ್ತೆ,
ಸರಕಾರಿ ಕಾರು ಅಂದರೆ ಅದಕ್ಕೂ ಅಸಡ್ಡೆ.

ನನ್ನ ಚೀಲದಲ್ಲಿ ಗಾಜಿನ ಕೊಳವೆ, ಅಂಗೈಯಗಲದ ಮಾಪಕ,
ನೀಲಿ ಕೈಗವಸು, ಮೂರು ಪ್ರತಿಯ ಫಾರಮು.
ಕೆಲಸ ಇಷ್ಟೇ: ಜಾಡಿ ತೆರೆ, ಹೀರು, ಅಂಕಿ ಬರೆ.
ವಿನೆಗರು ವಿನೆಗರಾಗಿದೆಯೋ
ದಾರಿಯಲ್ಲೆಲ್ಲೋ ಕೂತುಬಿಟ್ಟಿದೆಯೋ.

ಖಲ್ಫಾನ್ ಮೊದಲು ಕಹ್ವಾ ಕೊಟ್ಟ. ಬೇಡ ಅನ್ನುವಂತಿಲ್ಲ.
ಲೋಟ ಅಲ್ಲಾಡಿಸಿದರೆ ಸಾಕು ಎಂದರ್ಥ;
ಒಂಬತ್ತು ವರ್ಷವಾಯಿತು, ನನಗಿನ್ನೂ ಮರೆಯುತ್ತದೆ,
ಮೂರನೆಯದನ್ನೂ ಕುಡಿದೆ.
ಫಲಜಿನ ನೀರು ಕಾಲ ಬಳಿಯೇ ಹರಿಯುತ್ತಿತ್ತು,
ಅವರವರ ಪಾಳಿಯ ಹೊತ್ತಿಗೆ ಅವರವರ ಗದ್ದೆಗೆ.

ಮಣ್ಣಿನ ಕೋಣೆ. ಒಳಗೆ ಹನ್ನೆರಡು ಜಾಡಿ,
ಇದೇ ಊರಿನ ಕುಂಬಾರರದು, ನನ್ನ ಸೊಂಟದೆತ್ತರ.
ಬಾಯಿಗೆ ಬಿಳಿ ಬಟ್ಟೆ, ಅದಕ್ಕೆ ನಾರಿನ ಹಗ್ಗ.
ಮೊಫಿಜುಲ್ ಒಂದೊಂದೇ ಬಿಚ್ಚುತ್ತಾನೆ,
ಮಲಗಿದ ಮಗುವಿನ ಹೊದಿಕೆ ಸರಿಸಿದ ಹಾಗೆ.
ಸಿಲ್ಹೆಟ್ಟಿನವನು. ರುಚಿ ನೋಡಲಾರ, ಮೂಗಿನಿಂದಲೇ ತಿಳಿಯುತ್ತಾನಂತೆ.

ಒಂದರಿಂದ ಹತ್ತು: ಹುಳಿ, ಹುಳಿ, ಕಟುಹುಳಿ,
ಕಣ್ಣಂಚು ಉರಿಸುವ ಹುಳಿ.
ಬರೆದೆ. ಸಹಿ ಹಾಕಿದೆ.

ಹನ್ನೊಂದನೆಯದು ಮಾತಾಡುತ್ತಿತ್ತು.
ನಿಜ. ಕಿವಿ ಹತ್ತಿರ ಒಯ್ದರೆ
ಬುಸ್... ಬುಸ್... ನೊರೆಯ ಸಣ್ಣ ಕಣ್ಣುಗಳು ತೆರೆದು ಮುಚ್ಚಿ.
ಬಟ್ಟೆ ಸರಿದ ಕೂಡಲೇ ಮೂಗಿಗೆ ಬಡಿದದ್ದು
ಖರ್ಜೂರ ಅಲ್ಲ.

ಐತಪ್ಪಜ್ಜ.

ಶಿರ್ವದ ಬೆಳಗಿನ ಐದು ಗಂಟೆ, ಬರಿಮೈ, ಸೊಂಟಕ್ಕೆ ಕತ್ತಿ,
ಬೆನ್ನಿಗೆ ಜೋತ ಸೋರೆಬುರುಡೆ.
ಹೊಂಬಾಳೆಯನ್ನು ಎಲುಬಿನ ತುಂಡಿನಿಂದ ತಟ್ಟುವ ಸದ್ದು
ಮರದ ತುದಿಯಿಂದ ನಮ್ಮ ಚಾಪೆಯವರೆಗೆ ಬರುತ್ತಿತ್ತು,
ಮೆಲ್ಲಗೆ, ಮರಕ್ಕೆ ನೋವಾಗಬಾರದೆಂಬಂತೆ.
ಇಳಿದಾಗ ಕಳ್ಳು ಸಿಹಿ. ಮಧ್ಯಾಹ್ನಕ್ಕೆ ಖಾರ.
ಮಿಕ್ಕಿದ್ದನ್ನು ಮಣ್ಣಿನ ಭರಣಿಗೆ ಸುರಿದರೆ
ತಿಂಗಳ ಮೇಲೆ ಸೆರಫಿನಬಾಯಿ ಬಂದು
ಹಬ್ಬದ ಹಂದಿಮಾಂಸಕ್ಕೆಂದು ಎರಡು ಶೀಸೆ ಒಯ್ಯುವಳು,
ಬದಲಿಗೆ ಒಂದು ತಟ್ಟೆ ನೆವರಿ.

ನನ್ನ ಶಾಲೆಯ ಅರ್ಜಿಯಲ್ಲಿ
‘ಕುಟುಂಬದ ಕಸುಬು’ ಎಂಬ ಗೆರೆಯ ಮೇಲೆ
ಅಪ್ಪ ‘ಕೃಷಿ’ ಎಂದು ಬರೆಸಿದ.
ಮೇಷ್ಟ್ರು ತಲೆ ಎತ್ತಿ ನೋಡಿದರು. ಅಪ್ಪ ಗೋಡೆಯ ಗಡಿಯಾರ ನೋಡಿದ.

ಮಾಪಕ ಆರೂವರೆ ಎನ್ನುತ್ತಿದೆ.
ಖಲ್ಫಾನನ ಮುಖ ಇಳಿಯಿತು. ಗಡ್ಡ ಸವರಿಕೊಂಡು ಕೇಳಿದ:
ಮೇಡಂ, ಇದು... ಅದೇನಾ?
ಆ ಪದ ಅವನು ಆಡಲಿಲ್ಲ. ನಾನೂ ಆಡಲಿಲ್ಲ.
ಅವನ ಅಜ್ಜಿ ಹೀಗೇ ಮಾಡುತ್ತಿದ್ದಳಂತೆ, ಅವಳ ಅಜ್ಜಿಯೂ,
ಇಬ್ಬರೂ ಐದು ಹೊತ್ತು ನಮಾಜು ತಪ್ಪಿಸಿದವರಲ್ಲ.

ಅವನಿಗೆ ಹೇಗೆ ಹೇಳಲಿ, ಯಾವ ಅರಬ್ಬಿಯಲ್ಲಿ,
ಸಿಹಿಯಿಂದ ಹುಳಿಗೆ ಸೀದಾ ದಾರಿಯಿಲ್ಲವೆಂದು?
ಅವನ ಹತ್ತೂ ಜಾಡಿ, ಅವನ ಅಜ್ಜಿಯ ಎಲ್ಲ ಜಾಡಿ
ಯಾರೂ ಬಟ್ಟೆ ಬಿಚ್ಚದ ಕೆಲವು ವಾರ
ಇದೇ ಆಗಿದ್ದವು. ಆಮೇಲೆ ದಾಟಿಕೊಂಡವು.
ತನಿಖೆಯವಳು ತಡವಾಗಿ ಬಂದದ್ದರಿಂದ
ಅವು ಒಳ್ಳೆಯವು.

‘ಮೂರು ವಾರ’ ಎಂದೆ. ‘ಗಾಳಿಯಾಡಲಿ.
ಹತ್ತನೆಯದರಿಂದ ಒಂದು ಸೌಟು ಇದಕ್ಕೆ ಹಾಕಿ.’
ಇದು ಇಲಾಖೆಯ ಕೈಪಿಡಿಯಲ್ಲಿಲ್ಲ,
ಐತಪ್ಪಜ್ಜನ ಭರಣಿಯಲ್ಲಿತ್ತು.
ಮೊಫಿಜುಲ್ ಆಗಲೇ ಸೌಟು ತಂದು ನಿಂತಿದ್ದ.

ಫಾರಮಿನಲ್ಲಿ ಆರೂವರೆ ಎಂದೇ ಬರೆದೆ; ಅಂಕಿ ಸುಳ್ಳಾಡಬಾರದು.
ಪಕ್ಕದ ಷರಾ ಖಾಲಿಯಿತ್ತು.
ಪೆನ್ನು ಹಿಡಿದು ಬಹಳ ಹೊತ್ತು ಕೂತೆ,
ಕೊನೆಗೆ ಬರೆದೆ: ಕೃಷಿ. ಮುಂದುವರಿದಿದೆ.

ಹೊರಡುವಾಗ ಒಂದನೇ ಜಾಡಿಯ ಶೀಸೆ ಕೊಟ್ಟರು,
ಲಂಚವಲ್ಲ, ದಾರಿಗೆ ಎಂದರು. ತೆಗೆದುಕೊಳ್ಳುವಂತಿಲ್ಲ.
ಕತ್ತೆಯ ಪಕ್ಕ ಗೇಟಿನ ಕಂಬದ ಮೇಲೆ ಇಟ್ಟು ಬಂದೆ.

ಕೈಗವಸು ಕಳಚಿದರೂ
ಬೆರಳಿಗೆ ಆ ವಾಸನೆ. ಇಜ್ಕಿ ದಾಟುವವರೆಗೂ
ಏಸಿ ಹಾಕಲಿಲ್ಲ, ಕಿಟಕಿಯನ್ನೂ ತೆರೆಯಲಿಲ್ಲ.